ಹಗೇವಿಗೆ ದೀಪ ತೋರಿಸುವುದು

ಯುಗಾದಿ ಹತ್ತಿರ ಬಂದಿತ್ತು. ಕಲಬುರಗಿಯ ನಮ್ಮ ಮನೆಯ ನೀರಿನ ಸಂಪು ತೊಳೆಸಿ ಬಹಳ ದಿನವಾಗಿತ್ತೆಂದು ಇಬ್ಬರು ಆಳುಗಳನ್ನು ಕರೆಸಿದ್ದೆವು. ಅವರು ಸಂಪಿನ ಕಬ್ಬಿಣದ ಮುಚ್ಚಳವನ್ನು ಹಾರೆಯಿಂದ ಎಬ್ಬಿಸಿ ಪಕ್ಕಕ್ಕೆ ಸರಿಸಿದರು. ಒಳಗಿನಿಂದ ಒಂದು ವಾಸನೆ ಬಂತು. ಒದ್ದೆ ಕಲ್ಲು, ತುಕ್ಕು, ಬಹಳ ದಿನ ಬೆಳಕು ಕಾಣದ ಗಾಳಿ. ಅಂಥ ಕೆಟ್ಟ ವಾಸನೆಯೇನಲ್ಲ. ಆದರೆ ಅವರಲ್ಲಿ ಒಬ್ಬ ಲುಂಗಿ ಮೇಲಕ್ಕೆ ಕಟ್ಟಿ ಕಾಲು ಇಳಿಬಿಟ್ಟು ಕೂತಾಗ ನಾನು ಕಸಬರಿಗೆ ಬಿಟ್ಟು ಓಡಿ ಬಂದು, "ತಡೀರಿ, ಇಳೀಬ್ಯಾಡ್ರಿ" ಎಂದೆ. ದನಿ ಎಷ್ಟು ಜೋರಾಗಿತ್ತೆಂದರೆ, ಒಳಗೆ ಪೇಪರು ಓದುತ್ತಿದ್ದ ನಮ್ಮ ಯಜಮಾನರು ಕನ್ನಡಕದೊಂದಿಗೇ ಎದ್ದು ಬಂದರು.

ದೀಪ ತರುತ್ತೇನೆ, ಅಲ್ಲಿತನಕ ಇಳಿಯಬೇಡ ಎಂದು ಹೇಳಿದೆ. ಆಳು ನಕ್ಕ. "ಟಾಕಿಗಿ ಪೂಜಾ ಮಾಡ್ತೀರೇನ್ರಿ ಅಕ್ಕಾರ?" ಎಂದ. ಯಜಮಾನರು ಮಾತ್ರ ನಗಲಿಲ್ಲ. ನನ್ನ ಮುಖವನ್ನು ಒಮ್ಮೆ ನೋಡಿ, ಗೋಡೆಗೆ ಒರಗಿ ನಿಂತರು. ನಾನು ದೇವರ ಕೋಣೆಗೆ ಹೋಗಿ ಹಣತೆ ಹುಡುಕಿ, ಬತ್ತಿ ಹೊಸೆಯಲು ಕೂತೆ. ಇಷ್ಟು ವರ್ಷವಾದರೂ ಹೀಗೆಯೇ. ಎಲ್ಲಿಯಾದರೂ ನೆಲದಲ್ಲಿ ಒಂದು ಬಾಯಿ ತೆರೆದರೆ ನಾನು ಮಣ್ಣೂರಿನ ಅಂಗಳದಲ್ಲಿ ನಿಂತಿರುತ್ತೇನೆ, ಕೈಯಲ್ಲಿ ಸುಣ್ಣದ ಕುಂಚ ಇರುತ್ತದೆ.

ಅದು ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಾನು ಕಲಬುರಗಿಯ ಹಾಸ್ಟೆಲಿನಲ್ಲಿದ್ದು ಬಿ.ಎ. ಮುಗಿಸಿ, ಭೀಮಾ ದಂಡೆಯ ಮಣ್ಣೂರಿಗೆ ಸೊಸೆಯಾಗಿ ಬಂದ ಮೊದಲ ವರ್ಷ. ನನ್ನ ತವರು ಅಫಜಲಪುರ, ಅಪ್ಪ ಶಾಲೆಯ ಮಾಸ್ತರರು, ನಮ್ಮದು ಬಾಡಿಗೆಯ ಎರಡು ಕೋಣೆ. ಹಬ್ಬಕ್ಕೆ ಮನೆ ತೊಳೆಯುವುದೆಂದರೆ ಒಂದು ಮಧ್ಯಾಹ್ನದ ಕೆಲಸವೆಂದು ತಿಳಿದು ಬಂದವಳು ನಾನು. ಮಣ್ಣೂರಿನ ಮನೆಯಲ್ಲಿ ಹೋಳಿ ಹುಣ್ಣಿಮೆಯ ಬೂದಿ ಆರುವ ಮೊದಲೇ ಕೆಲಸ ಶುರುವಾಯಿತು. ಅಮಾವಾಸ್ಯೆ ಹತ್ತಿರ ಬಂದರೂ ಮುಗಿಯಲೇ ಇಲ್ಲ.

ಮನೆಯಲ್ಲಿ ನಾವು ಐದೇ ಜನ. ನನ್ನ ಅತ್ತೆ ಭಾಗಮ್ಮ ಮನೆಗೆ ಹಿರಿಯಳು. ನನ್ನ ಗಂಡ ಚಿಕ್ಕವರಿದ್ದಾಗಲೇ ಮಾವ ಹಾವು ಕಚ್ಚಿ ತೀರಿಕೊಂಡಿದ್ದರು. ಆಮೇಲೆ ಹೊಲ ಮನೆ ನಡೆಸಿದವರು, ಈ ಮಗನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವರು ಮಾವನ ತಮ್ಮ ಗುರಣ್ಣ ಕಾಕಾ ಮತ್ತು ಅವರ ಹೆಂಡತಿ ನೀಲಮ್ಮ ಕಾಕಿ. ಅವರಿಗೆ ಮಕ್ಕಳಿರಲಿಲ್ಲ. ಇಬ್ಬರು ತಾಯಂದಿರ ನಡುವೆ ಬೆಳೆದ ಒಬ್ಬನೇ ಮಗ ನನ್ನ ಗಂಡ ಶಿವಲಿಂಗ. ಯಾರ ಕೈಯಿಂದ ಹೆಚ್ಚು ಉಂಡಿದ್ದಾರೆಂದು ಅವರಿಗೇ ಗೊತ್ತಿರಲಿಲ್ಲ.

ಅತ್ತೆಗೆ ಸ್ವಚ್ಛದ ಹುಚ್ಚು. ವರ್ಷವಿಡೀ ಹೊಗೆ ಕುಡಿದ ಜಂತಿಗಳನ್ನು ಏಣಿ ಹತ್ತಿ ಒರೆಸಬೇಕು. ಒಂದರ ಮೇಲೊಂದು ಪೇರಿಸಿದ ಗಡಿಗೆಗಳ ಸಾಲು ಇಳಿಸಬೇಕು, ಪ್ರತಿ ಗಡಿಗೆಯನ್ನು ತೊಳೆದು ಬಿಸಿಲಿಗೆ ಬೋರಲು ಹಾಕಬೇಕು. ತಾಮ್ರ, ಹಿತ್ತಾಳೆಯ ಸಾಮಾನು, ದೀಪದ ಕಂಬ, ಹಣತೆ ಎಲ್ಲವೂ ಹುಣಸೆ ನೀರು ಮತ್ತು ಬೂದಿಯ ರಾಶಿಗೆ ಹೋಗಬೇಕು. ಬೀಸುವ ಕಲ್ಲನ್ನು ಎತ್ತಿ ಅದರ ಕೆಳಗಿನ ನೆಲ ಕೆರೆಯಬೇಕು. ಗೋಡೆಗೆ ಸುಣ್ಣ, ಅಂಚಿಗೆ ಕೆಮ್ಮಣ್ಣು, ನೆಲಕ್ಕೆ ಸಗಣಿ. ಮೂಲೆಯಲ್ಲಿ ಒಂದು ಜೇಡರ ಎಳೆ ಕಂಡರೆ ಅತ್ತೆ ಬೈಯುತ್ತಿರಲಿಲ್ಲ. ತಾನೇ ಏಣಿ ತಂದು ನಿಲ್ಲಿಸುತ್ತಿದ್ದಳು. ಬೈದಿದ್ದರೆ ಸುಲಭವಿತ್ತು. ನನ್ನ ಅಂಗೈ ಸುಣ್ಣಕ್ಕೆ ಸುಲಿದು, ರೊಟ್ಟಿ ತಟ್ಟುವಾಗ ಉರಿಯುತ್ತಿತ್ತು. ಗುರಣ್ಣ ಕಾಕಾ ಮಾತ್ರ ನಗಿಸುತ್ತಿದ್ದರು. ಎತ್ತರದ, ತೆಳ್ಳನೆಯ, ಬಾಯಿ ಸುಮ್ಮನಿರದ ಮನುಷ್ಯ. "ನಮ್ಮ ಬಿ.ಎ. ಸೊಸಿ ಸುಣ್ಣ ಹಚ್ಚಾಕತ್ತಾಳ. ಈ ವರ್ಷ ಗ್ವಾಡಿಗೂ ಡಿಗ್ರಿ ಸಿಗತದ ನೋಡ್ರಿ" ಎನ್ನುತ್ತಿದ್ದರು. ಸುಸ್ತಿನಲ್ಲೂ ನಗು ಬರುತ್ತಿತ್ತು.

ಎಲ್ಲದರ ಕೊನೆಯ ಕೆಲಸ ಹಗೇವು. ಅಂಗಳದ ಎತ್ತರದ ಕಡೆ ನೆಲದೊಳಗೆ ತೋಡಿದ ಜೋಳದ ಕಣಜ ಅದು. ಮೇಲೆ ಒಬ್ಬ ಮನುಷ್ಯ ಹೆಗಲು ಕುಗ್ಗಿಸಿಕೊಂಡು ಇಳಿಯುವಷ್ಟು ಕಿರಿದಾದ ಬಾಯಿ, ಕೆಳಗೆ ಹೋದಂತೆ ಗಡಿಗೆಯ ಹೊಟ್ಟೆಯ ಹಾಗೆ ಅಗಲ. ಬಾಯಿಗೆ ಒಂದು ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಅಲ್ಲೊಂದು ಕಣಜವಿದೆ ಎಂದು ಹೊಸಬರಿಗೆ ತಿಳಿಯದು. ಹಗೇವಿನ ಜೋಳದ ರೊಟ್ಟಿಗೆ ಒಂದು ಹುಳಿವಾಸನೆ ಇರುತ್ತದೆ. ನನಗೆ ಮೊದಲ ತಿಂಗಳು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆಮೇಲೆ ಆ ವಾಸನೆ ಇಲ್ಲದ ರೊಟ್ಟಿ ಸಪ್ಪೆ ಎನಿಸತೊಡಗಿತ್ತು.

ಹೊಸ ಜೋಳ ತುಂಬುವ ಮೊದಲು ಹಗೇವನ್ನೂ ಮನೆಯಂತೆಯೇ ಶುಚಿ ಮಾಡಬೇಕು. ಒಬ್ಬರು ಒಳಗಿಳಿದು, ತಳದಲ್ಲಿ ಉಳಿದ ಮುಗ್ಗು ಜೋಳ, ಕೊಳೆತ ಹೊಟ್ಟು ಕೆರೆದು ಬುಟ್ಟಿಗೆ ತುಂಬಿ ಕೊಡಬೇಕು. ಬಳಿಕ ಗೋಡೆಗೆ ಸಗಣಿ ಮಣ್ಣು ಮೆತ್ತಿ ಒಣಗಲು ಬಿಡಬೇಕು. ಆ ಮನೆಯಲ್ಲಿ ಇಳಿಯುವವರು ಯಾವಾಗಲೂ ಕಾಕಾ. ಇಳಿಯುವ ಮೊದಲು ಅತ್ತೆಯದೊಂದು ಕೆಲಸವಿತ್ತು. ಬಾಯಿಯ ಕಲ್ಲಿಗೆ ಕುಂಕುಮ ಹಚ್ಚಿ, ಎಣ್ಣೆಯ ಹಣತೆ ಹೊತ್ತಿಸಿ, ಸಣ್ಣ ಬುಟ್ಟಿಯಲ್ಲಿಟ್ಟು ಹುರಿಯಿಂದ ಕೆಳಗೆ ಬಿಡುತ್ತಿದ್ದಳು. ಇದಕ್ಕೆ ಹಗೇವಿಗೆ ದೀಪ ತೋರಿಸುವುದು ಎನ್ನುತ್ತಿದ್ದರು. ದೀಪ ತಳ ಮುಟ್ಟುವ ತನಕ ಉರಿದರೆ ಭೂಮಿತಾಯಿ ಒಪ್ಪಿದಳು ಎಂದರ್ಥ. ಆರಿದರೆ ಅವಳಿಗೆ ಇಷ್ಟವಿಲ್ಲ, ಅವತ್ತು ಯಾರೂ ಇಳಿಯಬಾರದು. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಅದು ಪೂಜೆ. ಪೂಜೆಗೆ ಯಾಕೆ ಎಂಬುದು ಇರುವುದಿಲ್ಲ.

ಅಮಾವಾಸ್ಯೆಗೆ ಇನ್ನು ಕೆಲವೇ ದಿನ ಉಳಿದಿದ್ದವು. ರಾಶಿ ಮುಗಿದು ಬಿಳಿಜೋಳದ ಚೀಲಗಳು ಅಂಗಳದಲ್ಲಿ ಬಯಲಿಗೇ ಬಿದ್ದಿದ್ದವು. ಅವತ್ತು ಬೆಳಿಗ್ಗೆ ಎದ್ದಾಗ ಅಕ್ಕಲಕೋಟೆಯ ದಿಕ್ಕಿನಲ್ಲಿ ಮೋಡ ಕಟ್ಟಿತ್ತು. ಆ ಕಾಲಕ್ಕೆ ಬರಬಾರದ ಮಳೆ, ಒಂದು ಸಲ ಬಿದ್ದರೂ ಜೋಳ ಕಪ್ಪಾಗುತ್ತದೆ. ಕಾಕಾ ಮೋಡ ನೋಡಿದರು, ಚೀಲ ನೋಡಿದರು, ಹಗೇವಿನ ಕಲ್ಲಿಗೆ ಮೆತ್ತಿದ ಮಣ್ಣನ್ನು ಒಡೆಯಲು ಕೂತರು. ಬೇಗ ಕೆರೆದು ಮೆತ್ತಿಬಿಟ್ಟರೆ ಒಳಗೆ ಬೆಂಕಿ ಹಾಕಿಯಾದರೂ ಒಣಗಿಸಬಹುದು ಎಂಬುದು ಅವರ ಲೆಕ್ಕ.

ಅತ್ತೆ ಮನೆಯಲ್ಲಿರಲಿಲ್ಲ. ಕೌದಿ ಒಗೆಯಲು ಹೊಳೆಗೆ ಹೋಗಿದ್ದಳು. ಆ ಮನೆಯ ಕೌದಿಗಳು ಒಂದೊಂದೂ ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದವು, ನೀರು ಕುಡಿದರೆ ಕರುವಿನಷ್ಟು ಭಾರ. ಮೊದಲ ಸರದಿಯ ಕೌದಿಗಳನ್ನು ಮುಂಜಾನೆಯೇ ಒಗೆದು ತಂದು, ಅಂಗಳದಲ್ಲಿ ಬೇವಿನ ಮರದಿಂದ ದನದ ಕೊಟ್ಟಿಗೆಯ ಕಂಬಕ್ಕೆ ಬಾವಿಯ ದಪ್ಪ ಹಗ್ಗ ಎಳೆದು ಕಟ್ಟಿ ಹಾಕಿದ್ದಳು. ಉಳಿದವುಗಳನ್ನು ಹೊತ್ತು ಮತ್ತೆ ಹೋಗಿದ್ದಳು. ನಾನು ಏಣಿಯ ಕೆಳಮೆಟ್ಟಿಲಲ್ಲಿ ನಿಂತು ಮುಂದಿನ ಗೋಡೆಗೆ ಸುಣ್ಣ ಹೊಡೆಯುತ್ತಿದ್ದೆ. ಕಾಕಿ ಒಳಗೆ ಒಲೆಯ ಮುಂದಿದ್ದರು. ಕಾಕಾ ಮತ್ತು ನನ್ನ ಗಂಡ ಕಲ್ಲು ಸರಿಸಿದರು. ಹುಳಿವಾಸನೆ ಏಣಿಯ ತನಕ ಬಂತು. ಕಾಕಾ ಸ್ವಲ್ಪ ಹೊತ್ತು ಬೀಡಿ ಸೇದುತ್ತ ಕಾದರು. ಮೋಡ ಇನ್ನಷ್ಟು ಮೇಲೇರಿತು.

ದೀಪ ತೋರಿಸಬೇಕೆಂದು ನನ್ನ ಗಂಡ ನೆನಪು ಮಾಡಿದರು. ಹಣತೆಗಳೆಲ್ಲ ಹುಣಸೆ ನೀರಿನ ಪರಾತದಲ್ಲಿ ಮುಳುಗಿದ್ದವು, ಎಣ್ಣೆಯ ಗಡಿಗೆ ಎಲ್ಲಿ ಇಳಿಸಿಟ್ಟಿದ್ದೇವೆಂದು ಅತ್ತೆಗಷ್ಟೇ ಗೊತ್ತು. ಆಗ ಕಾಕಾ ಒಳಗೆ ಹೋಗಿ ತಮ್ಮ ಹೊಸ ಬ್ಯಾಟರಿ ತಂದರು. ಸೊಲ್ಲಾಪುರದಿಂದ ತಂದ ಉದ್ದನೆಯ ಟಾರ್ಚು. ರಾತ್ರಿ ಹೊಲಕ್ಕೆ ನೀರು ಬಿಡಲು ಹೋಗುವಾಗ ಅದನ್ನು ಹೆಗಲ ಮೇಲೆ ಬಂದೂಕದ ಹಾಗೆ ಹಿಡಿದು ಹೋಗುತ್ತಿದ್ದರು. ಅದಕ್ಕೆ ಸುತಳಿ ಕಟ್ಟಿ, ಬಟನ್ ಒತ್ತಿ, ಹಗೇವಿನೊಳಗೆ ಇಳಿಬಿಟ್ಟರು. ಬೆಳಕು ಗೋಡೆಗಳ ಮೇಲೆ ತಿರುಗುತ್ತ ತಳದ ತನಕ ಹೋಯಿತು. ಒಂದಿಷ್ಟೂ ಮಂಕಾಗಲಿಲ್ಲ.

"ನೋಡ್ರಿ, ಭೂಮ್ತಾಯಿ ಹಲ್ಲ ಕಿಸದು ನಗಾಕತ್ತಾಳ. ಒಪ್ಪಿದಾಳ" ಎಂದರು ಕಾಕಾ.

ನಾವೆಲ್ಲ ನಕ್ಕೆವು. ನಾನೂ ಏಣಿಯ ಮೇಲಿಂದ ನಕ್ಕೆ. ದೀಪ ತೋರಿಸಿಯಾಯಿತು, ಶಾಸ್ತ್ರ ಮುಗಿಯಿತು ಎಂದೇ ಎಲ್ಲರಿಗೂ ಅನಿಸಿತು. ಹಣತೆಗಿಂತ ದೊಡ್ಡ ಬೆಳಕನ್ನೇ ತೋರಿಸಿದ್ದೆವಲ್ಲ. ಎಷ್ಟೋ ವರ್ಷದ ಮೇಲೆ ನಾನು ಕೆಲಸ ಮಾಡುತ್ತಿದ್ದ ಶಾಲೆಯ ವಿಜ್ಞಾನದ ಮೇಡಂ ಒಬ್ಬರು ಇದನ್ನು ನನಗೆ ಬಿಡಿಸಿ ಹೇಳಿದರು. ಮುಚ್ಚಿದ ಕುಳಿಯಲ್ಲಿ ಕೊಳೆಯುವ ಕಾಳು ಹೊಟ್ಟು ಒಳ್ಳೆಯ ಗಾಳಿಯನ್ನು ತಿಂದುಬಿಡುತ್ತವೆ, ಉಳಿಯುವ ಕೆಟ್ಟ ಗಾಳಿ ಭಾರ, ಅದು ನೀರಿನ ಹಾಗೆ ತಳದಲ್ಲಿ ನಿಲ್ಲುತ್ತದೆ. ದೀಪಕ್ಕೆ ಬೇಕಾದ ಗಾಳಿಯೇ ಮನುಷ್ಯನಿಗೂ ಬೇಕು. ಬ್ಯಾಟರಿಗೆ ಯಾವ ಗಾಳಿಯೂ ಬೇಡ.

ನನ್ನ ಗಂಡ ಇನ್ನೊಂದು ಮಾತು ಕೇಳಿದರು. ನಡುವಿಗೆ ಹಗ್ಗ ಕಟ್ಟಿಕೊಂಡೇ ಇಳಿಯುವುದು ಹಿರಿಯರ ಪದ್ಧತಿ. ಹಗ್ಗ ಎಲ್ಲಿ? ಕಾಕಾ ಅಂಗಳದ ಕಡೆ ನೋಡಿದರು. ಹಗ್ಗದ ತುಂಬ ಅತ್ತೆಯ ಕೌದಿಗಳು ನೀರು ತೊಟ್ಟಿಕ್ಕುತ್ತಿದ್ದವು.

"ಆ ಹಗ್ಗ ಬಿಚ್ಚಿ ಕೌದಿ ಮಣ್ಣಾದ್ರ, ನಿಮ್ಮವ್ವ ಬಂದು ನನ್ನ ಇದರಾಗೇ ಹುಗೀತಾಳ. ನಡಿ, ಎಷ್ಟ ಸಲ ಇಳದಿಲ್ಲ ನಾ" ಎಂದು ಹೇಳಿ, ಗೋಡೆಯ ಮೆಟ್ಟುಗುಳಿಗಳಲ್ಲಿ ಕಾಲಿಡುತ್ತ ಇಳಿದರು. ತಲೆ ಮರೆಯಾಗುವ ಮುನ್ನ ನನ್ನ ಕಡೆ ನೋಡಿ, ಗೋಡೆಯಲ್ಲಿ ಒಂದು ಕಡೆ ಸುಣ್ಣ ಬಿಟ್ಟಿದ್ದೀ ಎಂದು ಕೈ ತೋರಿಸಿದರು. ನಾನು ತಿರುಗಿ ಅಲ್ಲಿ ಕುಂಚ ಆಡಿಸಿದೆ.

ಅದಾದ ಮೇಲಿನದು ನನ್ನ ತಲೆಯಲ್ಲಿ ಎಷ್ಟು ಸಲ ನಡೆದಿದೆಯೋ. ಕೆಳಗಿನಿಂದ ಅವರ ದನಿ ಗಡಿಗೆಯೊಳಗಿನ ದನಿಯಂತೆ ಬಂತು, ಬುಟ್ಟಿ ಬಿಡು ಎಂದಿರಬೇಕು. ಆಮೇಲೆ ಒಂದು ಕೆಮ್ಮು. ಆಮೇಲೆ ಚೀಲ ಇಳಿಸಿದಾಗ ಆಗುವಂಥ ಸಣ್ಣ ಸದ್ದು. ನನ್ನ ಗಂಡ, "ಕಾಕಾ" ಎಂದರು. ಎರಡನೆಯ ಸಲ ಕರೆದಾಗ ಅವರ ದನಿ ಬೇರೆಯಾಗಿತ್ತು. ನಾನು ಏಣಿ ಇಳಿದು ಓಡಿದೆ. ಬಾಯಿಯಲ್ಲಿ ಬಗ್ಗಿ ನೋಡಿದರೆ ಬಾಯಿಯ ಕಲ್ಲಿಗೆ ಸುತ್ತಿದ್ದ ಸುತಳಿಯ ತುದಿಯಲ್ಲಿ ಟಾರ್ಚು ಮೆಲ್ಲಗೆ ತಿರುಗುತ್ತಿತ್ತು. ಅದರ ಬೆಳಕು ಕಾಕಾನ ಬೆನ್ನಿನ ಮೇಲೆ, ಗೋಡೆಯ ಮೇಲೆ, ಮತ್ತೆ ಬೆನ್ನಿನ ಮೇಲೆ ಬೀಳುತ್ತಿತ್ತು. ಅವರು ಮೊಣಕಾಲೂರಿ ಗೋಡೆಗೆ ಹಣೆ ಹಚ್ಚಿ ಕೂತಿದ್ದರು, ಏನನ್ನೋ ಹುಡುಕುತ್ತಿರುವ ಹಾಗೆ.

ನನ್ನ ಗಂಡ ಅಂಗಿ ಕಳಚಿ ಎಸೆದು ಒಂದು ಕಾಲು ಒಳಗಿಟ್ಟಿದ್ದರು. ಅದೇ ಗಳಿಗೆಗೆ ಅತ್ತೆ ತಲೆಯ ಮೇಲೆ ಒದ್ದೆ ಕೌದಿಯ ಹೊರೆಯೊಂದಿಗೆ ಬಾಗಿಲು ದಾಟಿ ಬಂದಳು. ಒಂದೇ ನೋಟದಲ್ಲಿ ಅವಳಿಗೆ ಎಲ್ಲ ತಿಳಿಯಿತು. ಹೊರೆಯನ್ನು ಅಲ್ಲೇ ಚೆಲ್ಲಿ ಓಡಿ ಬಂದು, ಹಿಂದಿನಿಂದ ಮಗನ ನಡುವನ್ನು ಎರಡೂ ಕೈಯಿಂದ ತಬ್ಬಿ, ಹಗೇವಿನ ಕಲ್ಲಿಗೆ ಕಾಲು ಕೊಟ್ಟು ಕೂತುಬಿಟ್ಟಳು. ಮಗ ಬಿಡಿಸಿಕೊಳ್ಳಲು ಒದ್ದಾಡಿದರು. ಅಷ್ಟು ಗಟ್ಟಿ ಆಳು, ಬಿಡಿಸಿಕೊಳ್ಳಲು ಆಗಲಿಲ್ಲ.

ಕಾಕಿ ಹಿಟ್ಟಿನ ಕೈಯಲ್ಲೇ ಬಂದರು. ಒಳಗೆ ಬಗ್ಗಿ ಗಂಡನನ್ನು ನೋಡಿದರು. ಅವರು ಚೀರಲಿಲ್ಲ. ಅತ್ತೆಯ ಮುಂದೆ ಮೊಣಕಾಲೂರಿ, ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದರು.

"ಬಿಡ ಅಕ್ಕಾ ಅವನ್ನ. ನಾನೂ ಅವಗ ತುತ್ತ ಇಟ್ಟು ಬೆಳಸೇನಿ. ಬಿಡು, ಇಳೀಲಿ."

ಅತ್ತೆ ಬಿಡಿಸಿದ ಬೆರಳನ್ನು ಮತ್ತೆ ಹೆಣೆದುಕೊಂಡಳು. ಕಾಕಿಯ ಮುಖ ನೋಡಲಿಲ್ಲ. ಮಗನ ಬೆನ್ನಿಗೆ ಕೆನ್ನೆ ಒತ್ತಿ ಹೇಳಿದಳು:

"ಒಬ್ಬಾಂವ ಹ್ವಾದ ನೀಲಾ. ಇನ್ನೊಬ್ಬನ್ನ ಕಳಸಂಗಿಲ್ಲ."

ಕಾಕಿಯ ಕೈ ಅಲ್ಲೇ ನಿಂತಿತು. ನಾನು ಅವರಿಬ್ಬರ ನಡುವೆ ನಿಂತಿದ್ದೆ. ಮದುವೆಯಾಗಿ ವರ್ಷ ತುಂಬದ ಹುಡುಗಿ, ಕೆಳಗೆ ನನ್ನನ್ನು ನಗಿಸುತ್ತಿದ್ದ ಮನುಷ್ಯ, ಮೇಲೆ ನನ್ನ ಗಂಡ. ನಾನು ಯಾರ ಕಡೆ ಎಂದು ಆಗಲೂ ಆಮೇಲೂ ಯಾರೂ ಕೇಳಲಿಲ್ಲ.

ಗದ್ದಲ ಕೇಳಿ ಪಕ್ಕದ ಮನೆಯ ಮೈಬೂಬಸಾಬರು ಗೋಡೆ ಹಾರಿ ಬಂದರು. ಊರ ಬಾವಿಗೆ ಬಿದ್ದ ಕೊಡ, ಬಕೀಟು ತೆಗೆಯುವ ಕಬ್ಬಿಣದ ಕೊಕ್ಕೆಗಳ ಗೊಂಚಲು ಅವರ ಮನೆಯಲ್ಲಿರುತ್ತಿತ್ತು. ಒಳಗೆ ಒಮ್ಮೆ ನೋಡಿದವರೇ ಮರಳಿ ಹೋಗಿ ಅದನ್ನು ತಂದರು. "ಹಗ್ಗ ಎಲ್ಲ್ಯದ? ಜಲ್ದಿ ತಾ ಬೇಟಿ" ಎಂದು ನನಗೆ ಹೇಳಿದರು. ನಾನು ಕೊಟ್ಟಿಗೆಯ ಕಂಬದ ಗಂಟು ಬಿಚ್ಚಲು ಹೋದೆ. ಕೌದಿಯ ಭಾರಕ್ಕೆ ಗಂಟು ಬಿಗಿದು ಕಲ್ಲಾಗಿತ್ತು. ಸುಣ್ಣ ತಿಂದ ಬೆರಳಿಗೆ ಅದು ಬರಲಿಲ್ಲ. ಕಾಕಿ ಓಡಿ ಬಂದು ಕುಡುಗೋಲಿನಿಂದ ಕಡಿದರು. ಕೌದಿಗಳೆಲ್ಲ ಮಣ್ಣಿಗೆ ಬಿದ್ದವು. ಅದರ ಮೇಲೆ ಕಾಲಿಟ್ಟುಕೊಂಡೇ ಹಗ್ಗ ಎಳೆದು ತಂದೆವು.

ಮೈಬೂಬಸಾಬರು ಮೊದಲು ಒಂದು ಬೇವಿನ ಟೊಂಗೆಯನ್ನು ಹಗ್ಗಕ್ಕೆ ಕಟ್ಟಿ ಒಳಗೆ ಮೇಲೆ ಕೆಳಗೆ ಆಡಿಸಿ ಗಾಳಿ ಕದಡಿದರು. ಆಮೇಲೆ ಕೊಕ್ಕೆ ಇಳಿಬಿಟ್ಟರು. ಅದು ಕಾಕಾನ ಹೆಗಲ ಮೇಲೆ ಕೂತು ಜಾರಿತು. ಮತ್ತೆ ಜಾರಿತು. ಅವರಿಗೆ ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು, ಯಾಕೆಂದರೆ ಟಾರ್ಚು ಇನ್ನೂ ಉರಿಯುತ್ತಲೇ ಇತ್ತು. ಕೊನೆಗೆ ಕೊಕ್ಕೆ ಧೋತರದ ಗಂಟಿನಲ್ಲಿ, ಅದರ ಕೆಳಗಿನ ಚರ್ಮದಲ್ಲಿ ಸಿಕ್ಕಿತು. ನಾವು ಎಳೆದೆವು. ದೇಹ ನಡು ಬಾಗಿ ಮೇಲೆ ಬಂತು, ಬಾಯಿಯ ಇಕ್ಕಟ್ಟಿನಲ್ಲಿ ಸಿಕ್ಕಿ ನಿಂತಿತು.

ಆಗ ನನ್ನ ಗಂಡ ಬೋರಲು ಮಲಗಿ, ಉಸಿರು ಬಿಗಿಹಿಡಿದು, ಎದೆಯ ತನಕ ಒಳಗೆ ಜಾರಿ ಕಾಕಾನ ಕಂಕುಳಿಗೆ ಕೈ ಹಾಕಿದರು. ಅತ್ತೆ ಈಗ ಅವರ ಕಾಲುಗಳ ಮೇಲೆ ಕೂತಿದ್ದಳು, ನಡು ಹಿಡಿದ ಕೈ ಬಿಟ್ಟಿರಲಿಲ್ಲ. ಅವಳು ಹಾಗೆ ಕೂತಿದ್ದರಿಂದಲೇ ಅವರು ಅಷ್ಟು ಒಳಗೆ ಬಗ್ಗಲು ಆಯಿತು. ಮೂವರೂ ಒಂದೇ ಸರಪಳಿಯಂತೆ ಹಿಂದಕ್ಕೆ ಬಿದ್ದಾಗ ಕಾಕಾ ಹೊರಗೆ ಬಂದಿದ್ದರು. ಮುಖ ಬಾಡಿದ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು.

ಒದ್ದೆ ಕೌದಿಯ ಮೇಲೆ ಅವರನ್ನು ಮಲಗಿಸಿದೆವು. ಮೈಬೂಬಸಾಬರು ಎದೆ ಒತ್ತಿದರು, ಕಾಕಿ ಅಂಗಾಲು ತಿಕ್ಕಿದರು. ಬಹಳ ಹೊತ್ತೆಂದು ನನಗೆ ಅನಿಸಿತು, ಅಷ್ಟು ಹೊತ್ತಾಗಿರಲಿಕ್ಕಿಲ್ಲ. ಅವರು ಒಮ್ಮೆ ಬಿಕ್ಕಿ, ಕಾರಿಕೊಂಡು, ಉಸಿರು ಎಳೆದರು. ಆ ಉಸಿರಿನ ಸದ್ದು ಹಳೆಯ ಬಾಗಿಲು ತೆರೆದ ಹಾಗಿತ್ತು. ಮೈಬೂಬಸಾಬರ ಬಂಡಿಯಲ್ಲಿ ಹಾಕಿ ರಸ್ತೆಗೆ ಒಯ್ದು, ಅಲ್ಲಿಂದ ಸರಕಾರಿ ಬಸ್ಸಿನಲ್ಲಿ ಅಫಜಲಪುರದ ದವಾಖಾನೆಗೆ ಕರೆದುಕೊಂಡು ಹೋದರು. ಕಾಕಿ ಮತ್ತು ನನ್ನ ಗಂಡ ಜೊತೆಗೆ ಹೋದರು. ಅಂಗಳದಲ್ಲಿ ನಾನು, ಅತ್ತೆ, ಜೋಳದ ಚೀಲಗಳು ಉಳಿದೆವು. ಮೋಡ ಸಂಜೆಯ ಹೊತ್ತಿಗೆ ಎತ್ತಲೋ ಸರಿದುಹೋಯಿತು. ಒಂದು ಹನಿ ಬೀಳಲಿಲ್ಲ.

ಅತ್ತೆ ಕೌದಿಗಳನ್ನು ಒಂದೊಂದಾಗಿ ಎತ್ತಿ ಮೂಲೆಗೆ ಒಟ್ಟಿದಳು. ಮತ್ತೆ ಒಗೆಯಲಿಲ್ಲ. ಏಣಿಯನ್ನು ಒಳಗಿಟ್ಟಳು. ಮುಂದಿನ ಗೋಡೆ ನನ್ನ ಕುಂಚ ನಿಂತಲ್ಲಿಗೆ ನಿಂತಿತ್ತು, ಅರ್ಧ ಬಿಳಿ, ಅರ್ಧ ಹಳೆಯ ಹೊಗೆ. ಬಕೀಟಿನಲ್ಲಿ ಸುಣ್ಣ ಒಣಗಿ ಬಿರುಕು ಬಿಟ್ಟಿತು. ಆ ವರ್ಷ ಆ ಗೋಡೆಯನ್ನು ಯಾರೂ ಮುಗಿಸಲಿಲ್ಲ.

ಯುಗಾದಿಯ ದಿನವೂ ಕಾಕಾ ದವಾಖಾನೆಯಲ್ಲೇ ಇದ್ದರು. ಅತ್ತೆ ಬೆಳಿಗ್ಗೆ ಎದ್ದು, ಬೇವಿನ ಹೂವು, ಹೊಸ ಹುಣಸೆ, ಬೆಲ್ಲ, ಮಾವಿನಕಾಯಿ ಕೂಡಿಸಿ ಹೊಸ ಮಡಿಕೆಯಲ್ಲಿ ಬೇವು ಮಾಡಿದಳು. ದೇವರಿಗೆ ತೋರಿಸಿ, ತಂಬಿಗೆಯಲ್ಲಿ ತುಂಬಿ, ಮೇಲೆ ಬಟ್ಟೆ ಕಟ್ಟಿ ನನ್ನ ಕೈಗೆ ಕೊಟ್ಟಳು. ತಾನು ಬರುವುದಿಲ್ಲ ಎಂದಳು. ನಾನು ಬಸ್ಸಿನಲ್ಲಿ ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡು ಹೋದೆ. ರಸ್ತೆಯ ಪ್ರತಿ ಕುಣಿಗೂ ಒಂದಿಷ್ಟು ಚೆಲ್ಲಿ ಸೀರೆ ಒದ್ದೆಯಾಯಿತು.

ಕಾಕಾ ಎದ್ದು ಕೂತಿದ್ದರು. ಮಾತು ನಿಧಾನವಾಗಿತ್ತು, ಒಂದು ಪದ ಹೇಳಿ ಇನ್ನೊಂದನ್ನು ಹುಡುಕುತ್ತಿದ್ದರು. ಆದರೂ ನನ್ನನ್ನು ಕಂಡು, "ಬಾವ್ಯಾಗ ಬಿದ್ದ ಬಿಂದಗಿ ತಗದಂಗ ತಗದ್ರಂತ ನನ್ನ. ಬಿಂದಗಿ ತೂತ ಆಗ್ಯದ ನೋಡು" ಎಂದು ಪಕ್ಕೆಯ ಪಟ್ಟಿ ತೋರಿಸಿದರು. ಕಾಕಿ ನಗಲಿಲ್ಲ. ಗಂಡನಿಗೆ ಬೇವು ಕುಡಿಸಿದರು, ನನ್ನ ಗಂಡನಿಗೆ ಕೊಟ್ಟರು, ತಾವು ಕುಡಿಯಲಿಲ್ಲ. ನಾನು ಹೊರಡುವಾಗ ತಂಬಿಗೆ ತೊಳೆದು ಕೊಟ್ಟು, ಬಾಗಿಲ ತನಕ ಬಂದರು.

"ಅಕ್ಕಗ ಹೇಳು, ಅಂವ ಹೋಗಿಲ್ಲ ಅಂತ."

ಆ ಮಾತನ್ನು ಹೊತ್ತುಕೊಂಡು ನಾನು ಮಣ್ಣೂರಿಗೆ ಬಂದೆ. ಖಾಲಿ ತಂಬಿಗೆಗಿಂತ ಅದೇ ಭಾರವಿತ್ತು. ಹೇಳಬಾರದೆಂದುಕೊಂಡಿದ್ದೆ. ಆದರೆ ನೀಲಾ ಏನಂದಳು ಎಂದು ಅತ್ತೆ ಕೇಳಿದಾಗ ಬೇರೆ ಮಾತು ಹೊಳೆಯಲಿಲ್ಲ. ಇದ್ದದ್ದನ್ನೇ ಹೇಳಿದೆ. ಅತ್ತೆ ಹೊಸ್ತಿಲಿಗೆ ಕೂತು ಬೇವಿನ ಎಲೆಯ ಕಡ್ಡಿಗಳನ್ನು ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಹೋದ ಅಂತ ಅನ್ನದಿದ್ರ ನನ್ನ ಕೈ ಮಗನ್ನ ಬಿಟ್ಟಬಿಡ್ತಿದ್ವು" ಎಂದಳು. ಮಡಿಲಿನ ಕಡ್ಡಿಗಳನ್ನು ಕೊಡವಿ, "ಇದನ್ನ ಆಕಿಗಿ ಹೇಳಬ್ಯಾಡ" ಎಂದಳು.

ನಾನು ಹೇಳಲಿಲ್ಲ. ಕಾಕಾ ಮನೆಗೆ ಬಂದ ಮೇಲೆ, ಅವತ್ತು ಹಗೇವಿನ ಬಾಯಲ್ಲಿ ನಡೆದದ್ದು ಅವರಿಗೂ ತಿಳಿಯಿತು. ಒಂದು ಮಧ್ಯಾಹ್ನ ಉಂಡು ಕೂತವರು ಅತ್ತೆಗೆ ಹೇಳಿದರು: "ಚಲೋ ಮಾಡಿದಿ ವೈನಿ. ಅಂವ ಇಳದಿದ್ರ, ನಾ ಎದ್ದ ಯಾರ ಮಾರಿ ನೋಡ್ಲಿ?" ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಒಲೆಯ ಮುಂದಿದ್ದ ಕಾಕಿ ಕೈಯಲ್ಲಿದ್ದ ಹಿಟ್ಟನ್ನು ಪರಾತಕ್ಕೆ ಹಾಕಿ ಎದ್ದು ಹಿತ್ತಲಿಗೆ ಹೋದರು. ಹಂಚಿನ ಮೇಲಿನ ರೊಟ್ಟಿ ಸೀದಿತು, ನಾನು ಮಗುಚಿದೆ.

ಜಗಳವಾಗಲಿಲ್ಲ. ಆಗಿದ್ದರೆ ಮುಗಿದೂ ಹೋಗುತ್ತಿತ್ತೇನೋ. ಇಬ್ಬರೂ ಒಂದೇ ಒಲೆಯಲ್ಲಿ ಬೇಯಿಸಿದರು, ಒಂದೇ ಪರಾತದಲ್ಲಿ ಹಿಟ್ಟು ನಾದಿದರು. ಉಪ್ಪು, ನೀರು, ಎಮ್ಮೆ, ಕಟ್ಟಿಗೆ, ಬೇಕಾದಷ್ಟು ಮಾತಾಡಿದರು. ಬೇಡದ ಮಾತು ನಿಂತುಹೋಯಿತು. ಮನೆಯೆಂದರೆ ಬೇಡದ ಮಾತುಗಳಲ್ಲೇ ನಿಂತಿರುತ್ತದೆ ಎಂದು ನನಗೆ ಆ ಬೇಸಿಗೆಯಲ್ಲಿ ಗೊತ್ತಾಯಿತು. ಕಾಕಿಯ ಸಿಟ್ಟು ಅತ್ತೆ ಮಗನನ್ನು ಹಿಡಿದಿದ್ದಕ್ಕಿರಲಿಲ್ಲ. ತಾನಾಗಿದ್ದರೂ ಹಿಡಿಯುತ್ತಿದ್ದೆ ಎಂದು ಒಮ್ಮೆ ನನ್ನೆದುರೇ ಹೇಳಿದರು. ಆದರೆ ಉಸಿರಿದ್ದ ಮನುಷ್ಯನನ್ನು ಹೋದ ಎಂದಳಲ್ಲ, ಆ ಒಂದು ಮಾತು ನುಂಗಲು ಆಗದು ಎಂದರು. ನನಗೆ ಅತ್ತೆಯ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಹೇಳಬೇಡ ಎಂದಿದ್ದಳು. ಕಟ್ಟಿಗೆ ತರಲು ಎದ್ದು ಹೋದೆ.

ಹಗೇವನ್ನು ಆ ವರ್ಷವೇ ಮುಚ್ಚಿದರು. ಒಡೆದ ಗಡಿಗೆ, ಕಲ್ಲು, ಅರ್ಧ ಗೋಡೆಗೆ ಉಳಿದ ಒಣ ಸುಣ್ಣ ಎಲ್ಲ ಅದರೊಳಗೆ ಹೋಯಿತು. ಜೋಳ ಚೀಲದಲ್ಲಿ ಉಳಿಯಿತು, ನುಸಿ ಹಿಡಿಯಿತು, ರೊಟ್ಟಿಯ ಹುಳಿವಾಸನೆ ಹೋಯಿತು. ಕಾಕಾಗೆ ಆಮೇಲೆ ತಲೆನೋವು ಬಿಡಲಿಲ್ಲ. ಮಳೆಗಾಲದಲ್ಲಿ ಒಂದು ಮಾತು ಶುರು ಮಾಡಿ ನಡುವೆ ಮರೆತು ನಮ್ಮ ಮುಖ ನೋಡುತ್ತಿದ್ದರು. ಮುಂದಿನ ಯುಗಾದಿಗೆ ಅತ್ತೆ ಏಣಿ ಹೊರಗೆ ತಂದಾಗ ಅದನ್ನು ಹಿಡಿಯಲು ಕಾಕಿಯೇ ಹೋದರು. ಒಬ್ಬರು ಮೇಲೆ, ಒಬ್ಬರು ಕೆಳಗೆ, ಮುಂದಿನ ಗೋಡೆಯ ಉಳಿದರ್ಧಕ್ಕೆ ಸುಣ್ಣ ಹಚ್ಚಿದರು. ಒಂದು ಮಾತೂ ಆಡಲಿಲ್ಲ. ಏಣಿ ಮಾತ್ರ ಕೊನೆಯ ತನಕ ಅಲುಗಾಡಲಿಲ್ಲ.

ಈಗ ಆ ಹಿರಿಯರು ಯಾರೂ ಇಲ್ಲ.

ಹಣತೆಯನ್ನು ಸ್ಟೀಲಿನ ಸಣ್ಣ ಬಕೀಟಿನಲ್ಲಿಟ್ಟು ಸಂಪಿನೊಳಗೆ ಇಳಿಬಿಟ್ಟೆ. ಉರಿ ಒಮ್ಮೆ ವಾಲಿತು. ಮತ್ತೆ ನೇರವಾಗಿ ತಳ ಮುಟ್ಟಿ ಉರಿಯಿತು. "ಒಪ್ಪತದೇನ್ರಿ ದೇವ್ರು?" ಎಂದು ಆ ಆಳು ಕೇಳಿದ. ಒಪ್ಪಿತು ಎಂದೆ. ಅವನು ಇಳಿದ. ಬ್ರಷ್ಷು ಗೋಡೆ ತಿಕ್ಕುವ ಸದ್ದು ಶುರುವಾಯಿತು. ಅವನು ಏನೋ ಹಾಡು ಗುನುಗುತ್ತಿದ್ದ.

ಸ್ವಲ್ಪ ಹೊತ್ತಿಗೆ ಹಾಡು ನಿಂತಿತು. ತಿಕ್ಕುವ ಸದ್ದೂ ನಿಂತಿತು. ಯಜಮಾನರು ಮೊಬೈಲಿನ ಬೆಳಕು ಹಚ್ಚಿ ಸಂಪಿನ ಬಾಯಿಗೆ ಬಗ್ಗಿ, "ಏ ತಮ್ಮಾ" ಎಂದರು. ಕೆಳಗಿನಿಂದ ಕೂಡಲೇ ದನಿ ಬಂತು. ಮೂಲೆಯಲ್ಲಿ ಕೆಸರು ಬಹಳ ಇದೆ, ಇನ್ನೊಂದು ಬುಟ್ಟಿ ಬೇಕು ಎಂದ.

"ಬಿಡು. ನಾ ಎಲ್ಲಿ ಇಳ್ಯಾಕತ್ತೇನಿ" ಎಂದರು ಯಜಮಾನರು, ತಿರುಗಿ ನೋಡದೆ.

ಆಗ ನನ್ನ ಕೈ ನೋಡಿಕೊಂಡೆ. ಅವರ ಅಂಗಿಯ ಬೆನ್ನು ನನ್ನ ಎರಡೂ ಮುಷ್ಟಿಯಲ್ಲಿತ್ತು. ಕಾಲುಗಳು ಸಂಪಿನ ಅಂಚಿನ ಕಲ್ಲಿಗೆ ಊರಿದ್ದವು. ಎಂಥದೂ ಆಗಿಲ್ಲ, ಬುಟ್ಟಿ ಕೊಡಬೇಕು, ಕೈ ಬಿಡಬೇಕು ಎಂದು ನನಗೆ ಗೊತ್ತಿತ್ತು. ಇನ್ನೊಬ್ಬ ಆಳು ಬುಟ್ಟಿ ತಂದು ಕೊಟ್ಟ. ಕೆಳಗೆ ಮತ್ತೆ ತಿಕ್ಕುವ ಸದ್ದು ಶುರುವಾಯಿತು, ಹಾಡೂ ಶುರುವಾಯಿತು. ನಾನು ಹಿಡಿದೇ ಇದ್ದೆ. ಯಜಮಾನರು ಎರಡನೆಯ ಸಲ ಬಿಡು ಎನ್ನಲಿಲ್ಲ. ಅವನು ಮೇಲೆ ಬರುವ ತನಕ ಅಲ್ಲೇ, ಹಾಗೇ ಬಗ್ಗಿ ನಿಂತರು.